ಬಾಯಲ್ಲಿ ನೋಡುವ ಮಿಕ್ಕಿ

ಭಾನುವಾರ ಸಂಜೆ ಬೆಂಗಳೂರಿನ ಯಾವ ಪಾರ್ಟಿ ಹಾಲಿನ ಕಡೆ ಹೋದರೂ ಬಾಗಿಲಲ್ಲಿ ಒಬ್ಬ ಮಿಕ್ಕಿ ಮೌಸ್ ಕೈ ಬೀಸುತ್ತ ನಿಂತಿರುತ್ತಾನೆ. ದೂರಕ್ಕೆ ಮಿಕ್ಕಿಯೇ. ಹತ್ತಿರ ಹೋದರೆ ಒಂದು ಕಿವಿ ಜೋತುಬಿದ್ದಿದೆ, ಕೆಂಪು ಚಡ್ಡಿ ಒಗೆದೊಗೆದು ಇಟ್ಟಿಗೆಯ ಬಣ್ಣಕ್ಕೆ ಬಂದಿದೆ, ಬೆನ್ನಿನ ಜಿಪ್ ಕೆಟ್ಟ ಕಡೆ ಪಿನ್ನು ಚುಚ್ಚಿದೆ. ಅಗಲವಾದ ಆ ಕಣ್ಣುಗಳು ಬರೀ ಬಣ್ಣ. ನೋಡುವ ಕಣ್ಣಿರುವುದು ಬಾಯಲ್ಲಿ. ತೆರೆದ ನಗುವಿನೊಳಗೆ ಹೊಲಿದ ಕಪ್ಪು ಜಾಲರಿಯ ಹಿಂದಿನಿಂದ ಒಳಗಿನ ಮನುಷ್ಯ ಮಕ್ಕಳನ್ನೂ ಮೆಟ್ಟಿಲನ್ನೂ ನೋಡುತ್ತಾನೆ. ಈ ಮಿಕ್ಕಿಯನ್ನು ಅಮೆರಿಕದ ಕಂಪನಿ ಕಳಿಸಿಲ್ಲ, ಅದರ ಅಪ್ಪಣೆಯನ್ನೂ ಯಾರೂ ಕೇಳಿಲ್ಲ. ಪಕ್ಕದಲ್ಲಿ ನಿಂತ ಛೋಟಾ ಭೀಮ, ಡೋರೆಮಾನ್, ಮೋಟು, ಪತ್ಲು ಇವರದ್ದೂ ಅದೇ ಕಥೆ. ಇವನ್ನು ನಕಲಿ ಎಂದು ನಕ್ಕು ಮುಂದೆ ಹೋಗುವವರೇ ಹೆಚ್ಚು. ನನಗೆ ಮಾತ್ರ ಈ ವೇಷಗಳೆಂದರೆ ಪ್ರೀತಿ. ಕಂಪನಿಯ ಬೊಂಬೆಗೆ ಎಷ್ಟು ಹೋಲುತ್ತದೆ ಎಂದು ಅಳೆಯುವ ಕೋಲು ಇಲ್ಲಿಗೆ ಸಲ್ಲದು. ಇದು ವೇಷ. ವೇಷಕ್ಕೆ ನಮ್ಮಲ್ಲಿ ಬೇರೆಯೇ ಅಳತೆಗೋಲು ಇದೆ, ಅದು ಮಿಕ್ಕಿಗಿಂತ ಬಹಳ ಹಳೆಯದು.

ಮೈಸೂರು ದಸರೆಯ ಮೆರವಣಿಗೆಯಲ್ಲಿ ತಲೆದೂಗುತ್ತ ಬರುವ ಗಾರುಡಿ ಗೊಂಬೆಯನ್ನು ನೆನಪಿಸಿಕೊಳ್ಳಿ. ಸೀಳಿದ ಬಿದಿರಿನ ಚೌಕಟ್ಟು, ಮೇಲೆ ಬಣ್ಣದ ಬಟ್ಟೆ, ಎರಡಾಳೆತ್ತರ, ದೊಡ್ಡ ಮೀಸೆಯ ಮುಖ. ಒಳಗೆ ಹೊಕ್ಕವನು ಭಾರವನ್ನು ಹೆಗಲ ಮೇಲೆ ಹೊತ್ತು, ಗೊಂಬೆಯ ಹೊಟ್ಟೆಯ ಬಳಿಯ ಕಂಡಿಯಿಂದ ದಾರಿ ನೋಡುತ್ತಾನೆ. ಕರಾವಳಿಯಲ್ಲಿ ಇಂಥದ್ದನ್ನೇ ತಟ್ಟಿರಾಯ ಎನ್ನುತ್ತಾರೆ. ಗಾರುಡಿ ಹೊಟ್ಟೆಯಲ್ಲಿ ನೋಡುತ್ತಾನೆ, ಮಿಕ್ಕಿ ಬಾಯಲ್ಲಿ ನೋಡುತ್ತಾನೆ. ಇಬ್ಬರ ಕಸುಬಿನ ಮೊದಲ ಪಾಠ ಒಂದೇ. ನೋಡುವ ಕಣ್ಣು ಒಂದು ಕಡೆ, ನೋಡಿದಂತೆ ಕಾಣಬೇಕಾದ ಕಣ್ಣು ಇನ್ನೊಂದು ಕಡೆ. ಎದುರಿಗಿರುವ ಮಗುವನ್ನು ತನ್ನ ಕಣ್ಣಿಂದ ನೋಡಬೇಕಾದರೆ ಒಳಗಿನವನು ತಲೆಯನ್ನು ಸ್ವಲ್ಪ ಮೇಲೆತ್ತಬೇಕು. ಎತ್ತಿದರೆ ಮಿಕ್ಕಿಯ ಕಣ್ಣು ಸೂರು ನೋಡುತ್ತದೆ. ಮಿಕ್ಕಿ ಮಗುವನ್ನು ನೋಡುತ್ತಿದ್ದಾನೆ ಎನಿಸಬೇಕಾದರೆ ತಲೆ ತಗ್ಗಿಸಬೇಕು. ತಗ್ಗಿಸಿದರೆ ಒಳಗಿನವನಿಗೆ ನೆಲ ಬಿಟ್ಟು ಬೇರೇನೂ ಕಾಣದು. ಕಸುಬು ಗೊತ್ತಿದ್ದವನು ಎರಡನೆಯದನ್ನೇ ಆರಿಸಿಕೊಳ್ಳುತ್ತಾನೆ. ಕುರುಡನಾಗಿ, ಮಗು ಇರುವ ಜಾಗವನ್ನು ಅಂದಾಜಿನ ಮೇಲೆ ಹಿಡಿದು, ತಲೆ ತಗ್ಗಿಸುತ್ತಾನೆ. ಮಗುವಿನ ಮುಖ ಅರಳುತ್ತದೆ. ಆ ಅರಳಿದ ಮುಖ ಅವನಿಗೆ ಮಾತ್ರ ಕಾಣುವುದಿಲ್ಲ.

ಇನ್ನೂ ಹತ್ತಿರದಿಂದ ನೋಡಿದರೆ ಕುಶಲತೆಯ ಬೇರೆ ಪದರಗಳು ಕಾಣುತ್ತವೆ. ಮುಖ ಅಲುಗದು, ರೆಪ್ಪೆ ಬಡಿಯದು, ತುಟಿ ಒಂದೇ ನಗುವಿನಲ್ಲಿ ಹೊಲಿದು ನಿಂತಿದೆ. ಆದ್ದರಿಂದ ಅಚ್ಚರಿ, ನಾಚಿಕೆ, ಹುಸಿಮುನಿಸು ಎಲ್ಲವೂ ಹೆಗಲಿಗೆ, ಮೊಣಕೈಗೆ, ಸೊಂಟಕ್ಕೆ ಇಳಿಯಬೇಕು. ಕೈಯ ಚಲನೆ ಮಾಮೂಲಿಗಿಂತ ದೊಡ್ಡದಾಗಬೇಕು, ಹಾಗೆಂದು ವೇಗ ಹೆಚ್ಚಬಾರದು. ದಪ್ಪ ಸ್ಪಂಜಿನ ಮೈ ಬೇಗ ಅಲುಗಿದರೆ ಹೆದರಿಕೆ ಹುಟ್ಟಿಸುತ್ತದೆ. ಮಾತಂತೂ ಕೂಡದು. ಕೇಕಿನ ಮೇಜಿನ ಬಳಿ ಮಿಕ್ಕಿ 'ಸ್ವಲ್ಪ ಸರೀರಿ ಸಾರ್' ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಮೌನದಲ್ಲೂ ತಾಳವಿರಬೇಕು. ಬರೀ ಕೈ ಬೀಸುತ್ತ ನಿಲ್ಲುವ ಮಿಕ್ಕಿಗಳೂ ಬೇಕಾದಷ್ಟಿದ್ದಾರೆ, ಅವರನ್ನು ನಾನು ಹೊಗಳುವುದಿಲ್ಲ. ಅವರು ಬಟ್ಟೆ ಹಾಕಿಕೊಂಡಿದ್ದಾರೆ, ವೇಷ ಕಟ್ಟಿಲ್ಲ. ಕಿವಿ ಹರಿದ ತಲೆಯೊಳಗೆ ನುರಿತವನು ಹೊಕ್ಕರೆ ಹಾಲಿನ ಮೂಲೆಯಲ್ಲಿ ಮುದುಡಿ ಕೂತ ಮಗುವೂ ಎದ್ದು ಬರುತ್ತದೆ. ಹೊಸ ತಲೆಯೊಳಗೆ ಜಡಭರತ ಹೊಕ್ಕರೆ ಫೋಟೊ ಬರುತ್ತದೆ, ಅಷ್ಟೇ. ಬೆಲೆ ನಿರ್ಧಾರವಾಗುವುದು ಒಳಗಿರುವವನಿಂದ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕನ್ನಡದ ನೋಟಕರಿಗೆ ಈ ಮಾತನ್ನು ಹೊಸದಾಗಿ ಕಲಿಸಬೇಕಾಗಿಯೂ ಇಲ್ಲ. ಯಕ್ಷಗಾನದ ಚಪ್ಪರದ ಹೊರಗೆ ಕೇಳಿಬರುವ ಪ್ರಶ್ನೆ 'ಇವತ್ತು ಯಾರ ಕೌರವ?' ಎಂದು. ಕೌರವ ಎಲ್ಲರಿಗೂ ಗೊತ್ತು. ಗೊತ್ತಾಗಬೇಕಿರುವುದು ಈ ರಾತ್ರಿ ಅವನನ್ನು ಕಟ್ಟುವವರು ಯಾರು ಎಂಬುದು. ಹಗಲುವೇಷದವರು ಊರಿನಲ್ಲಿ ಬೀಡುಬಿಟ್ಟು ದಿನಕ್ಕೊಂದು ವೇಷ ಹಾಕಿ, ಪರದೆಯಿಲ್ಲ, ರಂಗಸ್ಥಳವಿಲ್ಲ, ಸುಡು ಬಿಸಿಲಿನಲ್ಲೇ ರಾಮನಾಗಿ ರಾವಣನಾಗಿ ಬೀದಿ ಸುತ್ತುತ್ತಾರೆ. ಕೊನೆಗೆ ಮನೆಮನೆಗೆ ಬಂದು ಕಾಳು, ಕಾಸು ಪಡೆಯುತ್ತಾರೆ. ಇನ್ನು ಗಣೇಶೋತ್ಸವ, ರಾಜ್ಯೋತ್ಸವಗಳ ರಸಮಂಜರಿಯಲ್ಲಿ ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್ ಬರುತ್ತಾರಲ್ಲ, ಆ 'ಜೂನಿಯರ್' ಎಂಬ ಮಾತಿನ ಪ್ರಾಮಾಣಿಕತೆ ನೋಡಿ. ನಾನು ಅವರಲ್ಲ, ಅವರ ಹಾಗೆ ಎಂದು ಹೆಸರಲ್ಲೇ ಒಪ್ಪಿಕೊಂಡು ವೇದಿಕೆ ಹತ್ತುತ್ತಾರೆ. ಜನ ಅಷ್ಟೇ ನಿರಾಳವಾಗಿ ಶಿಳ್ಳೆ ಹಾಕುತ್ತಾರೆ. ಪಾರ್ಟಿ ಹಾಲಿನವನನ್ನೂ ಜೂನಿಯರ್ ಮಿಕ್ಕಿ ಎಂದು ಕರೆದುಬಿಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಉಳಿದರ್ಧ ಕಾನೂನಿನದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ, ಎರಡು ಆಯಾಮದ ಚಿತ್ರವನ್ನು ಮೂರು ಆಯಾಮದಲ್ಲಿ ರೂಪಿಸುವ ಹಕ್ಕನ್ನೂ ಹಕ್ಕುದಾರನಿಗೇ ಕೊಟ್ಟಿದೆ. ಪರದೆಯ ಇಲಿಯನ್ನು ಸ್ಪಂಜಿನಲ್ಲಿ ಹೊಲಿಯುವುದೆಂದರೆ ಅದೇ. ಮಿಕ್ಕಿ ಮೊದಲು ಜನರ ಮುಂದೆ ಬಂದ 1928ರ 'ಸ್ಟೀಮ್‌ಬೋಟ್ ವಿಲ್ಲಿ'ಯ ಸ್ವಾಮ್ಯ ಅಮೆರಿಕದಲ್ಲಿ 2024ರ ಜನವರಿ 1ಕ್ಕೆ ತೀರಿತು ಎಂದು ಹಿಗ್ಗುವವರಿದ್ದಾರೆ. ಆದರೆ ಆ ಮಿಕ್ಕಿ ಕಪ್ಪುಬಿಳುಪಿನವನು, ಕೈಗೆ ಗವಸೂ ಇಲ್ಲದವನು. ನಮ್ಮ ಹಾಲಿನಲ್ಲಿ ನಿಂತವನು ಬಿಳಿ ಗವಸು, ಕೆಂಪು ಚಡ್ಡಿ, ಹಳದಿ ಬೂಟಿನ ಆಮೇಲಿನ ಮಿಕ್ಕಿ. ಹಾಗಾಗಿ ಕಾನೂನು ನನ್ನ ಪರ ಇದೆ ಎಂದು ವಾದಿಸುವುದಿಲ್ಲ. ಕಾನೂನು ತಡೆಯಹೊರಟ ಕೆಡುಕು ಇಲ್ಲಿದೆಯೇ ಎಂದಷ್ಟೇ ಕೇಳುತ್ತೇನೆ. ಚಾರ್ಲ್ಸ್ ಅಮಾಡರ್ ಎಂಬ ನಟ ಚಾಪ್ಲಿನ್ನರ ಟೊಪ್ಪಿ, ಮೀಸೆ, ಕೋಲು, ನಡಿಗೆ ಎಲ್ಲವನ್ನೂ ಎತ್ತಿಕೊಂಡು 'ಚಾರ್ಲಿ ಆಪ್ಲಿನ್' ಎಂಬ ಹೆಸರಿನಲ್ಲಿ ಸಿನಿಮಾ ಮಾಡಿದಾಗ ಚಾಪ್ಲಿನ್ ದಾವೆ ಹೂಡಿದರು. 1928ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯವೂ ಅವರ ಪರವೇ ನಿಂತಿತು. ಅಲ್ಲಿ ದೊಡ್ಡ ತಪ್ಪೆನಿಸಿದ್ದು ಇದು ಚಾಪ್ಲಿನ್ನರದೇ ಚಿತ್ರ ಎಂದು ಜನ ನಂಬಿ ಮೋಸಹೋಗುವಂತೆ ಮಾಡಿದ್ದು. ನಮ್ಮ ಮದುವೆ ಮನೆಗಳ ಬಾಗಿಲಲ್ಲಿ ಕೋಲು ತಿರುಗಿಸುತ್ತ ಮಕ್ಕಳಿಗೆ ಗುಲಾಬಿ ಕೊಡುವ ಚಾರ್ಲಿಯನ್ನು ಕಂಡು, ಲಂಡನ್ನಿನಲ್ಲಿ ಹುಟ್ಟಿ 1977ರಲ್ಲಿ ತೀರಿಕೊಂಡ ಆ ಮಹಾನುಭಾವನೇ ಬಂದ ಎಂದುಕೊಳ್ಳುವ ಬೀಗರು ಎಲ್ಲೂ ಇಲ್ಲ.

ಕಂಪನಿಗಳು ಸಹ ಎರವಲಿನಲ್ಲಿ ಹಿಂದೆ ಬಿದ್ದಿಲ್ಲ. 2008ರಲ್ಲಿ ಟೀವಿಗೆ ಬಂದ ಛೋಟಾ ಭೀಮನ ಹೆಸರೂ ಬಲವೂ ವ್ಯಾಸರ ಮನೆಯದು. 1937ರ ಸ್ನೋ ವೈಟ್ ಜರ್ಮನಿಯ ಅಜ್ಜಿಕಥೆ. 1955ರ ಜುಲೈಯಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದ ದಿನ ಅಲ್ಲಿ ಓಡಾಡಿದ ಪಾತ್ರಗಳ ವೇಷಗಳು 'ಐಸ್ ಕೆಪೇಡ್ಸ್' ಎಂಬ ಮಂಜುಗಡ್ಡೆಯ ಮೇಲಿನ ಆಟದ ಮಂಡಳಿಯಿಂದ ತಂದ ಎರವಲು. ಅಧಿಕೃತ ಮಿಕ್ಕಿಯೂ ತನ್ನ ಸ್ವಂತ ಊರಲ್ಲಿ ಮೊದಲ ದಿನ ಬೇರೆಯವರ ಬಟ್ಟೆ ತೊಟ್ಟೇ ನಿಂತಿದ್ದ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನಮ್ಮೊಳಗಿನಿಂದಲೇ ಬರಬಹುದು. ಅಪ್ಪಣೆಯಿಲ್ಲದೆ ಯಾರು ಯಾವ ವೇಷ ಹಾಕಿದರೂ ಸರಿಯೆಂದರೆ, 'ಕಾಂತಾರ' ಸಿನಿಮಾ ಬಂದ ಮೇಲೆ ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ಮೊಬೈಲಿನ ರೀಲ್ಸ್‌ವರೆಗೆ ದೈವದ ಬಣ್ಣ ಹಚ್ಚಿ ಕೂಗಿದವರೂ ಸರಿಯೇ? ತುಳುನಾಡಿನವರು ಅದಕ್ಕೆ ಬೇಸರಪಟ್ಟಿದ್ದು ಸುಮ್ಮನೆಯೇ? ಸುಮ್ಮನೆ ಅಲ್ಲ. ಆ ಆಕ್ಷೇಪ ನ್ಯಾಯವಾದದ್ದು, ಮತ್ತು ಅದರಿಂದಲೇ ನನ್ನ ಮಾತು ಸ್ಪಷ್ಟವಾಗುತ್ತದೆ. ಕೋಲದ ಅಂಗಳದಲ್ಲಿ ನಿಂತವರು ದೈವದ ಹಾಗೆ ನಟಿಸುತ್ತಿರುವುದಿಲ್ಲ. ಅಲ್ಲಿ ವ್ರತವಿದೆ, ಕುಲದಿಂದ ಬಂದ ಕಟ್ಟಲೆಯಿದೆ, ಎದುರು ಕೈಮುಗಿದು ನಿಂತವರಿಗೆ ಅದು ದೈವವೇ. ಅದನ್ನು ವೇಷವೆಂದು ತಿಳಿದು ಎತ್ತಿಕೊಂಡವರು ಎಡವಿದ್ದು ಅಲ್ಲೇ. ಅಪ್ಪಣೆ ಬೇಕಾದುದು ಆರಾಧನೆಗೆ. ಮಿಕ್ಕಿಯ ಮುಂದೆ ಯಾರೂ ಹರಕೆ ಹೊರುವುದಿಲ್ಲ. ಅವನು ಆಟದವನು, ಆಟ ಎಲ್ಲರದು.

ಮಕ್ಕಳನ್ನು ಮೋಸಗೊಳಿಸಿದಂತಾಯಿತಲ್ಲ, ಎಷ್ಟೋ ಮಕ್ಕಳು ಚೀರಿ ಅಳುತ್ತವಲ್ಲ ಎನ್ನುವವರ ಮಾತಿನಲ್ಲಿ ಎರಡನೆಯ ಅರ್ಧ ನಿಜ. ಎರಡು ವರ್ಷದ ಆಸುಪಾಸಿನ ಕೂಸಿಗೆ, ಅಲುಗದ ಮುಖ ಹೊತ್ತು ಬರುವ ಆರಡಿಯ ಇಲಿ ಭಯಂಕರವೇ; ಕಂಪನಿಯ ಅಚ್ಚುಕಟ್ಟಾದ ಇಲಿಗೂ ಅದು ಅಷ್ಟೇ ಅಳುತ್ತದೆ. ಅಂಥ ಕೂಸನ್ನು ಫೋಟೊಗಾಗಿ ವೇಷದವನ ತೋಳಿಗೆ ತುರುಕುವ ಅಪ್ಪ ಅಮ್ಮಂದಿರಿಗೆ ಬುದ್ಧಿ ಹೇಳಬೇಕೇ ಹೊರತು ವೇಷದವನಿಗಲ್ಲ. ನುರಿತವನು ತಾನಾಗಿಯೇ ನಾಲ್ಕು ಹೆಜ್ಜೆ ಹಿಂದೆ ಸರಿದು, ಮೊಣಕಾಲೂರಿ ಕುಗ್ಗಿ, ಒಂದು ಬೆರಳನ್ನಷ್ಟೇ ಆಡಿಸುತ್ತಾನೆ. ಇನ್ನು ಮೋಸದ ಮಾತು. ಐದಾರು ವರ್ಷದವರ ಗುಂಪನ್ನು ಐದು ನಿಮಿಷ ಗಮನಿಸಿ. ಒಬ್ಬ ಬಾಲ ಎಳೆಯುತ್ತಾನೆ, ಇನ್ನೊಬ್ಬಳು ಬೆನ್ನಿನ ಜಿಪ್ ಹುಡುಕುತ್ತಾಳೆ, ಮೂರನೆಯವನು ಬಾಯಿಯ ಜಾಲರಿಗೆ ಮುಖವಿಟ್ಟು 'ಅಂಕಲ್, ಒಳಗೆ ಸೆಕೆ ಆಗ್ತಿದ್ಯಾ?' ಎನ್ನುತ್ತಾನೆ. ಮರುಕ್ಷಣವೇ ಆ ಮೂವರೂ 'ಮಿಕ್ಕಿ, ಮಿಕ್ಕಿ' ಎಂದು ಅವನ ಕೈಹಿಡಿದು ಕುಣಿಯುತ್ತಾರೆ. ಒಳಗೆ ಮನುಷ್ಯನಿದ್ದಾನೆಂದು ಗೊತ್ತು, ಇವನು ಮಿಕ್ಕಿ ಎಂದೂ ಗೊತ್ತು. ಈ ಎರಡು ತಿಳಿವಳಿಕೆಗಳು ಒಟ್ಟಿಗೆ ಇರಲಾರವು ಎಂಬ ಗೊಂದಲ ದೊಡ್ಡವರದು. ಕೌರವನ ತೊಡೆ ಮುರಿದಾಗ ಕಣ್ಣೊರೆಸಿಕೊಂಡ ಅಜ್ಜಿಗೂ ವೇಷ ಕಟ್ಟುವ ಚೌಕಿಯಲ್ಲಿ ಆತ ಚಹಾ ಕುಡಿಯುತ್ತಿದ್ದದ್ದು ಗೊತ್ತಿತ್ತು.

ಪರದೇಶದ ಇಲಿ ಬೆಕ್ಕುಗಳು ಬಂದು ನಮ್ಮ ಹನುಮ, ನಮ್ಮ ಹುಲಿಗಳನ್ನು ಓಡಿಸಿದವು ಎಂಬ ಕೊರಗೂ ಇದೆ. ಹುಲಿಯನ್ನು ಯಾರೂ ಓಡಿಸಿಲ್ಲ. ಮಂಗಳೂರು ದಸರೆಗೂ ಉಡುಪಿಯ ವಿಟ್ಲಪಿಂಡಿಗೂ ಈಗಲೂ ತಾಸೆಯ ಪೆಟ್ಟಿಗೆ ಮೈ ಜುಮ್ಮೆನ್ನುವಂತೆ ಹುಲಿಗಳು ಬೀದಿಗಿಳಿಯುತ್ತವೆ. ಹಿಂದಿನ ರಾತ್ರಿಯೆಲ್ಲ ಕೈ ಚಾಚಿ ನಿಂತು, ಪದರ ಪದರವಾಗಿ ಬಣ್ಣ ಬಳಿಸಿಕೊಂಡು, ಅದು ಒಣಗುವವರೆಗೆ ಒರಗುವಂತಿಲ್ಲ, ಕೂರುವಂತಿಲ್ಲ ಎಂಬ ಉರಿಯನ್ನು ಸಹಿಸಿಕೊಂಡ ಮೈಗಳವು. ಅದೇ ಉಡುಪಿಯ ಅಷ್ಟಮಿಯ ಗದ್ದಲದಲ್ಲಿ ಕಟ್ಟಡದ ಕೂಲಿ ಕೆಲಸದ ರವಿ ಕಟಪಾಡಿ ಹಾಲಿವುಡ್ ಸಿನಿಮಾದ ವಿಚಿತ್ರ ಜೀವಿಗಳ ಮಾದರಿಯ ವೇಷ ಹಾಕಿ ಬಂದಿದ್ದಾರೆ; ಕಾಯಿಲೆಬಿದ್ದ ಬಡ ಮಕ್ಕಳ ಚಿಕಿತ್ಸೆಗೆ ಲಕ್ಷಾಂತರ ರೂಪಾಯಿ ಕೂಡಿಸಿಕೊಟ್ಟಿದ್ದಾರೆ. ಆ ಜೀವಿ ಯಾವ ಸಿನಿಮಾದ್ದೆಂದು ಡಬ್ಬಿಗೆ ದುಡ್ಡು ಹಾಕಿದವರಲ್ಲಿ ಅನೇಕರಿಗೆ ಗೊತ್ತಿರಲಿಕ್ಕಿಲ್ಲ. ಅವರಿಗೆ ಅದು ರವಿಯ ವೇಷ. ಕೃಷ್ಣನ ಹಬ್ಬದ ಬೀದಿ ಹಾಲಿವುಡ್ಡಿನ ಭೂತಕ್ಕೂ ಜಾಗ ಬಿಟ್ಟುಕೊಟ್ಟಿತು, ಹುಲಿಯ ಜಾಗವೇನೂ ಕಡಿಮೆಯಾಗಲಿಲ್ಲ.

'ರವಿಯ ವೇಷ' ಎಂಬ ಆ ಮಾತೇ ಪಾರ್ಟಿ ಹಾಲಿನಲ್ಲಿ ಕಾಣೆಯಾಗಿದೆ. ಅಲ್ಲಿ 'ಯಾರ ಮಿಕ್ಕಿ?' ಎಂದು ಯಾರೂ ಕೇಳುವುದಿಲ್ಲ. ಕಂಪನಿಯ ಉದ್ಯಾನದಲ್ಲಿ ಒಳಗಿನವರ ಹೆಸರು ಮುಚ್ಚಿಡುವುದಕ್ಕೆ ಒಂದು ಕಾರಣವಾದರೂ ಇದೆ. ಮಿಕ್ಕಿ ಒಬ್ಬನೇ, ಅವನು ನಿಜ ಎಂಬ ಮಾಯೆಯನ್ನು ಕಾಯುವುದು ಅವರ ವ್ಯಾಪಾರ. ನಮ್ಮ ಹಾಲಿನಲ್ಲಿ ಅಂಥ ಮಾಯೆಯ ಹಂಗಿಲ್ಲ. ಇವೆಂಟಿನವರ ಬಿಲ್ಲಿನಲ್ಲಿ ಬಲೂನು, ಪಾಪ್‌ಕಾರ್ನ್ ಯಂತ್ರದ ಕೆಳಗೆ 'ಮಿಕ್ಕಿ – 1' ಎಂದು ಇರುತ್ತದೆ, ಅಷ್ಟೇ. ಅಪ್ಪಣೆಯಿಲ್ಲದ ಈ ಆಟದಲ್ಲಿ ಅನ್ಯಾಯವೊಂದು ನಡೆಯುತ್ತಿದ್ದರೆ ಅದು ಕಂಪನಿಗೆ ಆಗುತ್ತಿರುವ ನಷ್ಟವಲ್ಲ, ಒಳಗಿನವನಿಗೆ ಆಗುತ್ತಿರುವುದು. ಸ್ಪಂಜು, ತುಪ್ಪಳದ ಬಟ್ಟೆ, ಮೇಲೆ ಬೇಸಿಗೆ. ಒಳಗೆ ಬಟ್ಟೆಯೆಲ್ಲ ನೆನೆದು ಮೈಗೆ ಅಂಟಿರುತ್ತದೆ. ಹಾಡು ಮುಗಿಯುವವರೆಗೆ ತಲೆ ತೆಗೆಯುವಂತಿಲ್ಲ, ನೀರು ಕುಡಿಯುವಂತಿಲ್ಲ. ಇಷ್ಟು ಕಷ್ಟದ ವೇಷ ಎಂದು ವೇಷವನ್ನೇ ನಿಲ್ಲಿಸಬೇಕೆಂದು ನಾನು ಹೇಳಲಾರೆ. ಹಾಗಾದರೆ ಹುಲಿಯನ್ನೂ ಗಾರುಡಿಯನ್ನೂ ನಿಲ್ಲಿಸಬೇಕಾಗುತ್ತದೆ. ಹುಲಿಯ ಉರಿಗೆ ಊರಿನ ಮರ್ಯಾದೆ ಸಿಗುತ್ತದೆ, ಮಿಕ್ಕಿಯ ಬೆವರಿಗೆ ಬಿಲ್ಲಿನ ಒಂದು ಸಾಲು. ವ್ಯತ್ಯಾಸ ಅಲ್ಲಿದೆ.

ಮನೆಯಲ್ಲಿ ಮಗುವಿನ ಹುಟ್ಟುಹಬ್ಬವಿದ್ದು, ಮಿಕ್ಕಿಯನ್ನೋ ಭೀಮನನ್ನೋ ಕರೆಸುವವರಿದ್ದರೆ ಇಷ್ಟು ಮಾಡಿ. ಮಕ್ಕಳ ಕಣ್ಣಿಗೆ ಬೀಳದ ಒಂದು ಕೋಣೆ, ಅದರಲ್ಲೊಂದು ಫ್ಯಾನು, ಒಂದು ಕುರ್ಚಿ, ಕುಡಿಯಲು ನೀರು ಮೊದಲೇ ಇಡಿಸಿ. ಅರ್ಧ ಗಂಟೆಗೊಮ್ಮೆ ನೀವೇ ಹೋಗಿ ಅವರನ್ನು ಒಳಗೆ ಕರೆದುಕೊಂಡು ಬನ್ನಿ. ಬರುವ ಮುಂಚೆ ಅವರ ಹೆಸರು ಕೇಳಿಟ್ಟುಕೊಳ್ಳಿ. ಬಂದ ನೆಂಟರಲ್ಲಿ ಯಾರಾದರೂ 'ಚೆನ್ನಾಗಿ ಕುಣಿತಾನಲ್ಲ, ಯಾರ್ರೀ ಅದು?' ಎಂದು ಕೇಳಿಯೇ ಕೇಳುತ್ತಾರೆ. ಆಗ ಹೇಳಲು ನಿಮ್ಮ ಬಳಿ ಒಂದು ಹೆಸರಿರಲಿ.