ನಾಂಪಲ್ಲಿಯ ಫರಸಿ

ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದು ಹೊರಗೆ ಬಂದರೆ ನನ್ನ ಕಣ್ಣು ಮೊದಲು ನೆಲದ ಮೇಲೆ ಹೋಗುತ್ತದೆ. ಇದು ಅಪ್ಪ ಹಚ್ಚಿದ ಅಭ್ಯಾಸ. ನನಗಾಗ ಎಂಟು ವರ್ಷ. ಜನವರಿಯ ಚಳಿಯಲ್ಲಿ ನಸುಕಿಗೇ ಶಹಾಬಾದ್ ಬಿಟ್ಟು, ವಾಡಿಯಲ್ಲಿ ಗಾಡಿ ಬದಲಿಸಿ, ತಾಂಡೂರು, ವಿಕಾರಾಬಾದ್ ದಾಟಿ ಬಂದಿದ್ದೆವು. ಸ್ಟೇಷನ್ ಎದುರಿನ ಚಹಾದಂಗಡಿಯೊಳಗೆ ಕಾಲಿಟ್ಟವರೇ ಅಪ್ಪ ಚಪ್ಪಲಿ ಬಿಟ್ಟು ಅಂಗಾಲಿನಿಂದ ನೆಲ ಸವರಿದರು. "ತಮ್ಮಾ, ಇಲ್ಲಿ ನಿಂದ್ರು. ಇದು ನಮ್ಮೂರ ಕಲ್ಲು," ಅಂದರು.

ನಿಂತೆ. ತಣ್ಣಗಿತ್ತು. ಮನೆಯ ಪಡಸಾಲೆಯಲ್ಲಿ ನಿಂತ ಹಾಗೇ ಇತ್ತು.

ಶಹಾಬಾದ್ ಫರಸಿಯನ್ನು ಕಂಡವರಿಗೆ ಅದರ ಗುಣ ಗೊತ್ತು. ಬೂದಿಬಣ್ಣದ ಸುಣ್ಣದಕಲ್ಲು, ಭೂಮಿಯೊಳಗೆ ಪದರುಪದರಾಗಿ ಮಲಗಿರುತ್ತದೆ. ಖಣಿಯಲ್ಲಿ ಸಂದು ನೋಡಿ ಉಳಿ ಇಟ್ಟು ಹದವಾಗಿ ಹೊಡೆದರೆ ಹಾಸಿಗೆಯಿಂದ ಚಾದರ ಎತ್ತಿದಂತೆ ಇಡೀ ಚಪ್ಪಡಿ ಎದ್ದು ಬರುತ್ತದೆ. ಹೊಸದಿದ್ದಾಗ ಒರಟು. ನಯವಾಗಬೇಕಾದರೆ ಜನ ನಡೆಯಬೇಕು. ಮೂವತ್ತು ನಲವತ್ತು ವರ್ಷ ಬರಿಗಾಲು ಓಡಾಡಿದ ಮೇಲೆ ಅದಕ್ಕೊಂದು ಕಾಂತಿ ಬರುತ್ತದೆ. ಆ ಕಾಂತಿಯನ್ನು ಯಾವ ಪಾಲಿಶ್ ಮಷಿನ್ನೂ ತರಲಾರದು ಎಂದು ನಾನು ಇಂದಿಗೂ ನಂಬಿದ್ದೇನೆ.

ಅಪ್ಪ ಆ ಕಲ್ಲು ತೋರಿಸಿದ ನಾಂಪಲ್ಲಿಗೆ ಆ ಹೆಸರು ಕುತುಬ್ ಶಾಹಿ ಕಾಲದ ನೇಕ್‌ನಾಮ್ ಖಾನನಿಂದ ಬಂತು ಎನ್ನುತ್ತಾರೆ. ಆದರೆ ಅದು ಪೇಟೆಯಾಗಿ ಬೆಳೆದದ್ದು ಸಾಮಾನಿನಿಂದ. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಬಂತು. ಮುಂಬಯಿ–ಮದ್ರಾಸ್ ದಾರಿ ವಾಡಿಯ ಮೇಲೆ ಹಾದುಹೋಗುತ್ತಿದ್ದುದರಿಂದ ಅಲ್ಲಿಂದಲೇ ಕವಲು ತೆಗೆದರು. ಹೈದರಾಬಾದಿನ ತಲೆಬಾಗಿಲು ಕನ್ನಡ ನೆಲದಲ್ಲಿತ್ತು ಎಂದು ಅಪ್ಪ ಹೇಳುತ್ತಿದ್ದುದು ಇದಕ್ಕೇ. ನಾಂಪಲ್ಲಿ ಸ್ಟೇಷನ್ ಕಟ್ಟಿದ್ದು 1907ರಲ್ಲಿ. ಪ್ರಯಾಣಿಕರ ಗಾಡಿ ಅಲ್ಲಿಂದ ಹೊರಟದ್ದು 1921ರಲ್ಲಿ. ನಡುವಿನ ವರ್ಷಗಳಲ್ಲಿ ಅದು ಗೂಡ್ಸ್ ಗಾಡಿಗಳ ತಾಣ. ಮೂಟೆ ಇಳಿಸುವುದಕ್ಕೆ ಹಮಾಲರು ಬೇಕು, ಹಮಾಲರಿಗೆ ಚಹಾ ಬೇಕು, ಸರಕು ಬಿಡಿಸಿಕೊಳ್ಳಲು ಬಂದ ವ್ಯಾಪಾರಿಗೆ ರಾತ್ರಿ ತಂಗಲು ಕೋಣೆ ಬೇಕು. ಹೀಗೆ ಒಂದಕ್ಕೊಂದು ಕೈಹಿಡಿದು ಬೀದಿ ಬೆಳೆಯುತ್ತದೆ. ಇಂದಿಗೂ ಸ್ಟೇಷನ್ ರಸ್ತೆಯ ಲಾಡ್ಜುಗಳನ್ನು ನೋಡಿದರೆ ನನಗೆ ಆ ಮೂಟೆಗಳೇ ನೆನಪಾಗುತ್ತವೆ.

ಈ ರೈಲಿಗೂ ಹಳೆಯ ಕಾರ್ಖಾನೆಯೊಂದರ ನೆನಪು ಹತ್ತಿರದ ಗನ್‌ಫೌಂಡ್ರಿಯಲ್ಲಿದೆ. ಹದಿನೆಂಟನೇ ಶತಮಾನದ ಕೊನೆಗೆ ನಿಜಾಮರ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಂಡ್ ಅಲ್ಲಿ ತೋಪು ಎರಕ ಹೊಯ್ಯಿಸಿದ. ಜನ ಅದನ್ನು ತೋಪ್ ಕಾ ಸಾಂಚಾ ಎಂದರು. ರೇಮಂಡ್ 1798ರಲ್ಲಿ ತೀರಿಹೋದ. ಅವನ ಹೆಸರನ್ನು ಮುಸಲ್ಮಾನರು ಮೂಸಾ ರಹೀಮ್ ಮಾಡಿಕೊಂಡರು, ಹಿಂದೂಗಳು ಮೂಸಾ ರಾಮ್ ಮಾಡಿಕೊಂಡರು. ಮಲಕ್‌ಪೇಟೆಯ ಕಡೆ ಮೂಸಾರಾಂಬಾಗ್ ಎಂಬ ಬಡಾವಣೆಯೇ ಇದೆ. ಪರದೇಶದವನನ್ನು ಇಷ್ಟು ಅಕ್ಕರೆಯಿಂದ ಒಳಗೆ ಕರೆದುಕೊಂಡ ಊರು ಇದು. ಇದನ್ನು ನೆನೆದಾಗಲೆಲ್ಲ ನನ್ನ ಗಂಟಲು ತುಂಬಿ ಬರುತ್ತದೆ.

ಅಪ್ಪ ನನ್ನನ್ನು ಕರೆತಂದದ್ದು ನುಮಾಯಿಶ್ ತೋರಿಸಲು. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ನಿನಲ್ಲಿ ಶುರುಮಾಡಿದ್ದು. ಕೈಯಲ್ಲಿದ್ದ ಬಂಡವಾಳ ಎರಡೂವರೆ ರೂಪಾಯಿ. ನುಮಾಯಿಶ್ ಮಸ್ನುವಾತೆ ಮುಲ್ಕಿ, ಅಂದರೆ ನಾಡಿನಲ್ಲೇ ತಯಾರಾದ ವಸ್ತುಗಳ ಪ್ರದರ್ಶನ. ನಮ್ಮ ಹೈದರಾಬಾದ್ ಸಂಸ್ಥಾನ ಏನೇನು ಮಾಡಬಲ್ಲದು ಎಂದು ನಮ್ಮ ಜನರಿಗೇ ತೋರಿಸುವ ಹಂಬಲ ಆ ಹುಡುಗರದು. ಆ ಸಂಸ್ಥಾನದಲ್ಲಿ ಬೀದರ್, ಕಲಬುರಗಿ, ರಾಯಚೂರು ಇದ್ದವು. ಹಾಗಾಗಿ ಮುಲ್ಕಿ ಎಂಬ ಮಾತಿನೊಳಗೆ ನಾವೂ ಇದ್ದೆವು. 1946ರಲ್ಲಿ ಮೇಳ ಈಗಿನ ಎಕ್ಸಿಬಿಷನ್ ಮೈದಾನಕ್ಕೆ ಬಂತು. ಈಗಲೂ ಜನವರಿ ಒಂದಕ್ಕೆ ದೀಪ ಹೊತ್ತಿದರೆ ಸುಮಾರು ಒಂದೂವರೆ ತಿಂಗಳು ಆರುವುದಿಲ್ಲ. ಬಂದ ಹಣದಲ್ಲಿ ಎಕ್ಸಿಬಿಷನ್ ಸೊಸೈಟಿ ಶಾಲೆ ಕಾಲೇಜು ನಡೆಸುತ್ತದೆ. ಅದೇ ಮೈದಾನದ ಅಂಚಿನಲ್ಲಿ ಹುಡುಗಿಯರ ಪಾಲಿಟೆಕ್ನಿಕ್ ಇದೆ. ಕೊಳ್ಳುವವರ ದುಡ್ಡು ಓದುವವರ ಕೈ ಸೇರುವ ಈ ಏರ್ಪಾಡಿಗಿಂತ ಚಂದದ ಲೆಕ್ಕಾಚಾರ ನನಗೆ ಗೊತ್ತಿಲ್ಲ.

ಅಂದು ಕಾಶ್ಮೀರಿಯೊಬ್ಬ ಅವ್ವನಿಗೆಂದು ಅಪ್ಪ ಆರಿಸಿದ ಶಾಲನ್ನು ನನ್ನ ಹೆಗಲಿಗೆ ಹೊದಿಸಿ ನೋಡಿದ. ಬಾಣಲೆಯಿಂದ ಎತ್ತಿದ ಮಿರ್ಚಿ ಭಜಿ ನಾಲಿಗೆ ಸುಟ್ಟಿತು. ಮೈದಾನ ಸುತ್ತುವ ಪುಟ್ಟ ರೈಲಿನಲ್ಲಿ ಎರಡು ಸಲ ಕೂತೆ. ಅಪ್ಪ ಮಾತ್ರ ಒಂದು ಹೊಲಿಗೆ ಯಂತ್ರದ ಮುಂದೆ ಬಹಳ ಹೊತ್ತು ನಿಂತರು. ಚಕ್ರಕ್ಕೆ ಬೆರಳು ತಾಗಿಸಿ, ಅದು ಸದ್ದಿಲ್ಲದೆ ತಿರುಗುವುದನ್ನು ನೋಡುತ್ತ ನಿಂತರು.

1956ರಲ್ಲಿ ಭಾಷಾವಾರು ರಾಜ್ಯಗಳಾಗಿ ನಕಾಶೆ ಬದಲಾಯಿತು. ನಮ್ಮ ರಾಜಧಾನಿ ಬೆಂಗಳೂರಾಯಿತು. ಹೈದರಾಬಾದಿನಲ್ಲಿ ನೆಲೆ ನಿಂತ ಕನ್ನಡದವರು ಅಲ್ಲೇ ಉಳಿದರು, ಕಾಚಿಗುಡದಲ್ಲಿ ನೃಪತುಂಗ ಶಾಲೆ ನಡೆಸಿದರು. ನಮ್ಮ ಓಣಿಯ ಮುದುಕರಿಗೆ ಮಾತ್ರ ಪೇಟೆಗೆ ಹೋಗುವುದು ಎಂದರೆ ಕೊನೆಯವರೆಗೂ ಹೈದರಾಬಾದೇ. ಅವರ ಪಾಲಿಗೆ ಗಡಿಗಿಂತ ಗಾಡಿಯ ವೇಳೆಯೇ ದೊಡ್ಡದಿತ್ತು.

ಹೋದ ಜನವರಿಯಲ್ಲಿ ಮತ್ತೆ ಹೋಗಿದ್ದೆ. ಆ ಚಹಾದಂಗಡಿ ಇನ್ನೂ ಇದೆ. ಅರ್ಧ ನೆಲಕ್ಕೆ ಟೈಲ್ಸ್ ಬಂದಿದೆ. ಒಲೆಯ ಹತ್ತಿರ ಹಳೆಯ ಫರಸಿ ಹಾಗೇ ಇದೆ. ಹುಡುಗನೊಬ್ಬ ಬಕೆಟ್ಟಿನಿಂದ ನೀರು ಚೆಲ್ಲಿ ಕಸಬರಿಗೆ ಎಳೆದ. ಬೂದಿಬಣ್ಣದ ಕಲ್ಲು ನೀರು ಕುಡಿದು ಮೋಡದ ಹಾಗೆ ನೀಲಿಗಪ್ಪಾಯಿತು. ನಾನು ಚಪ್ಪಲಿ ಬಿಟ್ಟು ನಿಂತೆ. "ಕಾಲು ಜಾರುತ್ತೆ ಸಾಬ್, ಈಕಡೆ ಬನ್ನಿ," ಎಂದು ಅವನು ಹಿಂದಿಯಲ್ಲಿ ಕರೆದ. ಚಹಾ ಬರುವವರೆಗೂ ನಾನು ಅಲ್ಲೇ ನಿಂತಿದ್ದೆ.