ಗಣಕಯಂತ್ರದೊಳಗಿನ ಓಲೆಗಳು

ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ನಮ್ಮ ಮನೆತನಗಳಲ್ಲಿ ಹಿಂದಿನಿಂದಲೂ ನಡೆದುಬಂದ ಸಂಪ್ರದಾಯವಾಗಿದೆ. ಬಂದ ಪತ್ರವನ್ನು ಓದಿ, ಅದಕ್ಕೆ ಉತ್ತರ ಬರೆದ ಮೇಲೆ, ಅದನ್ನು ಕೊಕ್ಕೆಯ ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದರು. ತಂತಿ ತುಂಬಿದಾಗ ಮನೆಯ ಹಿರಿಯರು ಬಿಡುವಿನ ಒಂದು ದಿನ ಕುಳಿತು, ಒಂದೊಂದನ್ನೂ ಬಿಡಿಸಿ ನೋಡಿ, ಹೊಲಮನೆಯ ಕಾಗದಗಳನ್ನೂ ಬೀಗರು-ನೆಂಟರ ಪತ್ರಗಳನ್ನೂ ಟ್ರಂಕಿನಲ್ಲಿಟ್ಟು, ಉಳಿದವನ್ನು ನೀರೊಲೆಗೆ ಹಾಕುತ್ತಿದ್ದರು. ಆರಿಸುವುದು ಮೊದಲು, ಸುಡುವುದು ಅನಂತರ ಎಂಬ ಕ್ರಮವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಅದು ಸಂಸಾರದ ಅನುಭವದಿಂದ ಬಂದ ವಿವೇಕ. ಇಂದು ಪತ್ರಗಳು ಕಾಗದವನ್ನು ಬಿಟ್ಟು ಗಣಕಯಂತ್ರವನ್ನು ಸೇರಿವೆ. ಆ ವಿವೇಕ ಮಾತ್ರ ಅವುಗಳೊಂದಿಗೆ ಅಲ್ಲಿಗೆ ಹೋದಂತೆ ಕಾಣುವುದಿಲ್ಲ.

ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳುಹಿಸುವ ವಿಧಾನವನ್ನು 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಅವರು ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಅಂತರಜಾಲದ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮರುವರ್ಷ, ಬೆಂಗಳೂರಿನಲ್ಲಿ ಬಾಲ್ಯವನ್ನು ಕಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಅವರೊಡಗೂಡಿ ಹಾಟ್‌ಮೇಲ್ ಎಂಬ ಉಚಿತ ಸೇವೆಯನ್ನು ಆರಂಭಿಸಿದರು. ಆ ಕಾಲದಲ್ಲಿ ಕೊಡುತ್ತಿದ್ದ ಸ್ಥಳ ತೀರ ಅಲ್ಪವಾದುದರಿಂದ ಓದಿದ ಪತ್ರಗಳನ್ನು ಆಗಾಗ ಅಳಿಸಲೇಬೇಕಾಗಿತ್ತು. 2004ರ ಏಪ್ರಿಲ್‌ನಲ್ಲಿ ಜಿಮೇಲ್ ಒಂದು ಗಿಗಾಬೈಟ್ ಸ್ಥಳವನ್ನು ಉಚಿತವಾಗಿ ಕೊಟ್ಟ ಮೇಲೆ ಅಳಿಸುವ ಅಭ್ಯಾಸವೇ ತಪ್ಪಿತು. ಈಗ ಅಲ್ಲಿ 15 ಗಿಗಾಬೈಟ್ ದೊರೆಯುತ್ತದೆಯಾದರೂ, ಅದರಲ್ಲಿ ಪತ್ರಗಳ ಜೊತೆಗೆ ಡ್ರೈವ್‌ನ ಕಡತಗಳೂ 2021ರ ಜೂನ್ ತಿಂಗಳಿಂದ ಈಚೆಗೆ ಏರಿಸಿದ ಛಾಯಾಚಿತ್ರಗಳೂ ಪಾಲು ಪಡೆಯುತ್ತವೆ. ಆದ್ದರಿಂದಲೇ ಅನೇಕ ಮನೆಗಳಲ್ಲಿ 'ಸ್ಥಳ ಮುಗಿಯಿತು' ಎಂಬ ಎಚ್ಚರಿಕೆ ಕಾಣಿಸಿಕೊಳ್ಳುತ್ತದೆ. ಗಾಬರಿಗೊಂಡ ಜನರು ಕೈಗೆ ಸಿಕ್ಕದ್ದನ್ನು ಅಳಿಸುತ್ತಾರೆ.

ಈ ವಿಷಯವನ್ನು ನಾವು ಶ್ರದ್ಧೆಯಿಂದ ಅರಿತುಕೊಳ್ಳಬೇಕಾಗಿ ಬಂದದ್ದು ನಮ್ಮ ಹಿರಿಯ ಸಹೋದರರು ಲಿಂಗೈಕ್ಯರಾದ ತರುವಾಯ. ಶಿಕ್ಷಕ ವೃತ್ತಿಯಿಂದ ನಿವೃತ್ತರಾಗಿದ್ದ ಅವರು ಸುಮಾರು ಹದಿನೈದು ವರ್ಷಗಳ ಕಾಲ ಮನೆಯ ಗಣಕಯಂತ್ರದಲ್ಲಿಯೇ ಪತ್ರವ್ಯವಹಾರ ನಡೆಸಿದ್ದರು. ಮಗಳು ಆಸ್ಟ್ರೇಲಿಯಾದಲ್ಲಿ, ವಿಮೆ, ಪಿಂಚಣಿ, ಬ್ಯಾಂಕಿನ ಕಾಗದಗಳೆಲ್ಲ ಅದೇ ಯಂತ್ರದಲ್ಲಿ. ಯಂತ್ರವೋ ತೆರೆಯಲು ಕಾಲು ಗಂಟೆ ತೆಗೆದುಕೊಳ್ಳುವಷ್ಟು ನಿಧಾನವಾಗಿತ್ತು. ರಿಪೇರಿಗೆ ಬಂದ ತರುಣನು, "ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡ್ತೀನ್ರಿ" ಎಂದನು. ಅಣ್ಣನವರ ಮಗನೂ, "ಕಾಕಾ, ಮೇಲ್ ಎಲ್ಲಾ ಕಂಪನಿಯವರ ಹತ್ರ ಇರತಾವ. ಇಲ್ಲಿ ಅಳಿಸಿದ್ರ ಏನೂ ಆಗೂದಿಲ್ಲ" ಎಂದನು. ಅತ್ತಿಗೆಯವರು ಮಾತ್ರ, "ಮಗಳು ಬರದ ಕಾಗದ ಅವರು ದಿನಾ ಓದ್ತಿದ್ರು. ಅವು ಹೋದ್ರ ಹ್ಯಾಂಗ?" ಎಂದು ಕೇಳಿದರು. ಎರಡು ದಿನ ತಡೆಯಿರಿ ಎಂದು ಆ ತರುಣನನ್ನು ನಾವು ಕಳುಹಿಸಿಕೊಟ್ಟೆವು.

ಇಲ್ಲಿ ಮೊಟ್ಟಮೊದಲು ತಿಳಿಯಬೇಕಾದದ್ದು, ಪತ್ರಗಳು ನಿಜವಾಗಿ ಎಲ್ಲಿವೆ ಎಂಬುದು. ಅಂಚೆಯನ್ನು ಮನೆಯ ಯಂತ್ರಕ್ಕೆ ತರುವ ಪದ್ಧತಿಗಳು ಮುಖ್ಯವಾಗಿ ಎರಡು. ಒಂದನ್ನು ಪಾಪ್ ಎನ್ನುತ್ತಾರೆ. ಅಂಚೆಯವನು ಪತ್ರವನ್ನು ಮನೆಗೆ ತಂದು ಕೊಟ್ಟಂತೆ ಇದು. ಬೇರೆ ಏರ್ಪಾಡು ಮಾಡಿರದಿದ್ದರೆ ಅಂಚೆಮನೆಯಲ್ಲಿ ಪ್ರತಿ ಉಳಿಯುವುದಿಲ್ಲ. ಮನೆಯಲ್ಲಿ ಕಳೆದರೆ ಕಳೆದೇ ಹೋಯಿತು. ಇನ್ನೊಂದನ್ನು ಐಮ್ಯಾಪ್ ಎನ್ನುತ್ತಾರೆ. ಇದರಲ್ಲಿ ಮೂಲ ಪತ್ರ ಸಂಸ್ಥೆಯ ಯಂತ್ರದಲ್ಲಿಯೇ ಇದ್ದು, ಮನೆಯಲ್ಲಿ ಕಾಣುವುದು ಅದರ ಪ್ರತಿಬಿಂಬ. ಹಾಗೆಂದು ಇಲ್ಲಿ ಅಳಿಸಿದರೆ ಹಾನಿಯಿಲ್ಲವೆಂದು ತಿಳಿಯಬಾರದು. ಪತ್ರ ತೆರೆದ ತಂತ್ರಾಂಶದೊಳಗೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಮೊಬೈಲಿನಲ್ಲಿಯೂ ಅಳಿಯುತ್ತದೆ.

ಯಾವ ಪದ್ಧತಿ ಎಂಬುದನ್ನು ಅಂಚೆಯ ತಂತ್ರಾಂಶದ ಖಾತೆಯ ವಿವರಗಳಲ್ಲಿ ನೋಡಬಹುದು. ಅಣ್ಣನವರು ಬಳಸುತ್ತಿದ್ದದ್ದು ಥಂಡರ್‌ಬರ್ಡ್ ಎಂಬ ಉಚಿತ ತಂತ್ರಾಂಶ. ಅದರಲ್ಲಿ ಪಾಪ್ ಎಂದೇ ಇತ್ತು. ಪತ್ರ ಇಳಿದು ಹದಿನಾಲ್ಕು ದಿನಗಳಾದ ಮೇಲೆ ಸಂಸ್ಥೆಯ ಕಡೆಯ ಪ್ರತಿ ಅಳಿಯುವಂತೆ ಗೊತ್ತುಮಾಡಿತ್ತು. ದಿನಚರಿಯಲ್ಲಿ ಬರೆದಿಟ್ಟಿದ್ದ ಗುಪ್ತಪದದಿಂದ ಅತ್ತಿಗೆಯವರ ಸಮ್ಮುಖದಲ್ಲಿ ಬ್ರೌಸರ್ ಮೂಲಕ ಖಾತೆಯನ್ನು ತೆರೆದು ನೋಡಿದೆವು. ಅಲ್ಲಿದ್ದದ್ದು ಅವರ ಕೊನೆಯ ದಿನಗಳ ಹಾಗೂ ಅನಂತರ ಬಂದ ಪತ್ರಗಳು ಮಾತ್ರ. ಹದಿನೈದು ವರ್ಷಗಳ ಪತ್ರವ್ಯವಹಾರಕ್ಕೆ ಜಗತ್ತಿನಲ್ಲಿ ಇದ್ದದ್ದು ಒಂದೇ ಪ್ರತಿ. ಅದು ಆ ಹಳೆಯ ಯಂತ್ರದ ಹಾರ್ಡ್ ಡಿಸ್ಕಿನಲ್ಲಿತ್ತು. ಮಗನು ಮಾತನಾಡದೆ ಕುಳಿತನು.

ಆದ್ದರಿಂದ ಮೊದಲ ಕಾರ್ಯ ಪ್ರತಿ ಮಾಡುವುದು. ಅಂಚೆಯ ತಂತ್ರಾಂಶವನ್ನು ಪೂರ್ಣವಾಗಿ ಮುಚ್ಚಿದ ಮೇಲೆಯೇ ಇದನ್ನು ಮಾಡತಕ್ಕದ್ದು. ತೆರೆದಿರುವಾಗ ಮಾಡಿದ ಪ್ರತಿ ಅರೆಬರೆಯಾಗಬಹುದು. ಥಂಡರ್‌ಬರ್ಡ್‌ನಲ್ಲಿ ಎಲ್ಲವೂ 'ಪ್ರೊಫೈಲ್' ಎಂಬ ಒಂದು ಫೋಲ್ಡರಿನಲ್ಲಿರುತ್ತವೆ. ಅದು ಇರುವ ಸ್ಥಳವನ್ನು 'ಹೆಲ್ಪ್' ಪಟ್ಟಿಯ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ಎಂಬಲ್ಲಿ ಕಾಣಬಹುದು. ಔಟ್‌ಲುಕ್ ಬಳಸಿ ಪಾಪ್ ಪದ್ಧತಿಯಲ್ಲಿ ಪತ್ರ ಪಡೆಯುವವರಲ್ಲಿ ಸಾಮಾನ್ಯವಾಗಿ ಪಿಎಸ್‌ಟಿ ಎಂಬ ಬಾಲವುಳ್ಳ ಕಡತದಲ್ಲಿಯೂ, ಹಳೆಯ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಡಿಬಿಎಕ್ಸ್ ಎಂಬ ಬಾಲವುಳ್ಳ ಕಡತಗಳಲ್ಲಿಯೂ ಪತ್ರಗಳಿರುತ್ತವೆ. ಬ್ರೌಸರಿನಲ್ಲಿಯೇ ಜಿಮೇಲ್ ಓದುವವರು ಗೂಗಲ್‌ನ 'ಟೇಕ್‌ಔಟ್' ಎಂಬ ಸೌಕರ್ಯದಿಂದ ತಮ್ಮ ಎಲ್ಲ ಪತ್ರಗಳನ್ನೂ ಕಡತವಾಗಿ ಇಳಿಸಿಕೊಳ್ಳಬಹುದು.

ಬಲ್ಲವರು ಒಂದು ಸೂತ್ರ ಹೇಳುತ್ತಾರೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಮನೆಯಲ್ಲಿ. ಒಂದನ್ನು ಹೊರಗಿನ ಡಿಸ್ಕಿಗೂ ಇನ್ನೊಂದನ್ನು ಪೆನ್ ಡ್ರೈವಿಗೂ ಇಳಿಸಿ, ಪೆನ್ ಡ್ರೈವನ್ನು ನಮ್ಮ ಮನೆಗೆ ತಂದೆವು. ಪ್ರತಿ ಆಯಿತೆಂದು ಪರದೆ ಹೇಳಿದರೆ ಸಾಲದು. ಬೇರೊಂದು ಯಂತ್ರದಲ್ಲಿ ಅದನ್ನು ತೆರೆದು, ಹಳೆಯದೊಂದು, ನಡುವಿನದೊಂದು, ಹೊಸದೊಂದು ಪತ್ರವನ್ನು ಓದಿ ನೋಡಬೇಕು. ಅಲ್ಲಿಯವರೆಗೆ ಏನನ್ನೂ ಅಳಿಸಕೂಡದು.

ಇನ್ನು ಅಳಿಸುವ ವಿಚಾರ. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರಿನ ಎಲ್ಲ ಪತ್ರಗಳನ್ನೂ ಒಂದೇ ಉದ್ದನೆಯ ಕಡತದಲ್ಲಿ ಸಾಲಾಗಿ ಬರೆದಿಡುತ್ತದೆ. ನಾವು ಪತ್ರವೊಂದನ್ನು ಅಳಿಸಿದಾಗ ಅದು ಕಡತದಿಂದ ಹೋಗುವುದಿಲ್ಲ. 'ಅಳಿಸಿದ್ದು' ಎಂಬ ಗುರುತು ಮಾತ್ರ ಬೀಳುತ್ತದೆ. ಹೀಗಾಗಿ ಸಾವಿರ ಪತ್ರ ಅಳಿಸಿದರೂ ಕಡತ ಸಣ್ಣದಾಗುವುದಿಲ್ಲ. ಅದನ್ನು ಕುಗ್ಗಿಸಲು 'ಕಾಂಪ್ಯಾಕ್ಟ್' ಎಂಬ ಆಜ್ಞೆಯಿದೆ. ಇದು ಉಳಿದ ಪತ್ರಗಳನ್ನು ಹೊಸ ಕಡತಕ್ಕೆ ಬರೆದು ಹಳೆಯದನ್ನು ತೆಗೆದುಹಾಕುವ ಕ್ರಿಯೆಯಾದುದರಿಂದ ಡಿಸ್ಕಿನಲ್ಲಿ ಸಾಕಷ್ಟು ಖಾಲಿ ಸ್ಥಳ ಬೇಕು. ನಡುವೆ ಕರೆಂಟು ಹೋಗಬಾರದು. ಯುಪಿಎಸ್ ಇಲ್ಲದ ಮನೆಯವರು ಕರೆಂಟು ನಿಶ್ಚಿತವಾಗಿರುವ ವೇಳೆಯನ್ನು ನೋಡಿಕೊಂಡು ಮಾಡುವುದು ಲೇಸು.

ಔಟ್‌ಲುಕ್‌ನ ಹಳೆಯ ಮಾದರಿಯ ಪಿಎಸ್‌ಟಿ ಕಡತಕ್ಕೆ 2 ಗಿಗಾಬೈಟ್‌ಗಳ ಮಿತಿಯಿತ್ತು. ಆ ಮಿತಿ ತಲುಪಿದಾಗ ಕಡತ ಕೆಡುವ ಭಯವಿತ್ತು. 2003ರ ಆವೃತ್ತಿಯಲ್ಲಿ ಹೊಸ ಮಾದರಿ ಬಂದಿತು. 2010ರ ಆವೃತ್ತಿಯಿಂದ ಮಿತಿಯನ್ನು ಸಾಮಾನ್ಯವಾಗಿ 50 ಗಿಗಾಬೈಟ್‌ಗಳಿಗೆ ಏರಿಸಲಾಗಿದೆ. ಹಳೆಯ ಕಡತವನ್ನೇ ಇಂದಿಗೂ ಮುಂದುವರಿಸಿಕೊಂಡು ಬಂದಿರುವವರು ಅದರ ಗಾತ್ರವನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು.

ಮತ್ತೆರಡು ಅಪಾಯಗಳನ್ನು ಇಲ್ಲಿಯೇ ಹೇಳಬೇಕು. ಥಂಡರ್‌ಬರ್ಡ್‌ನ ಫೋಲ್ಡರಿನಲ್ಲಿ 'ಇನ್‌ಬಾಕ್ಸ್' ಎಂಬ ಹೆಸರಿನ ಎರಡು ಕಡತಗಳು ಕಾಣುತ್ತವೆ. ಎಂಎಸ್‌ಎಫ್ ಎಂಬ ಬಾಲವಿರುವುದು ಪತ್ರಗಳ ಸೂಚಿ ಮಾತ್ರ; ಅದು ಹೋದರೆ ತಂತ್ರಾಂಶ ಮತ್ತೆ ಕಟ್ಟಿಕೊಳ್ಳುತ್ತದೆ. ಬಾಲವಿಲ್ಲದ್ದರಲ್ಲಿಯೇ ಪತ್ರಗಳಿರುವುದು. ಗುರುತು ತಿಳಿಯದವರಿಗೆ ಅದು ಕಸದಂತೆ ತೋರುತ್ತದೆ. ಆದ್ದರಿಂದ ಪತ್ರಗಳನ್ನು ಅಂಚೆಯ ತಂತ್ರಾಂಶದ ಒಳಗಿನಿಂದಲೇ ಅಳಿಸಬೇಕಲ್ಲದೆ ಕಡತಗಳನ್ನು ಹೊರಗಿನಿಂದ ಕಿತ್ತುಹಾಕಬಾರದು. ಎರಡನೆಯದು ವೈರಸ್ ನಿವಾರಕ ತಂತ್ರಾಂಶ. ಹಳೆಯ ಜಾಹೀರಾತು ಪತ್ರವೊಂದರಲ್ಲಿ ಅದಕ್ಕೆ ವೈರಸ್ ಕಂಡರೆ, ಆ ಒಂದು ಪತ್ರವಿರುವ ಇಡೀ ಕಡತವನ್ನೇ ಅದು ಬಂಧನದಲ್ಲಿಡಬಹುದು ಇಲ್ಲವೆ ಅಳಿಸಬಹುದು. ಒಂದು ಕಾಳು ಹುಳಿತಿದೆಯೆಂದು ಕಣಜವನ್ನೇ ಸುಟ್ಟಂತೆ ಇದು. 'ಕೇಳದೆ ಅಳಿಸು' ಎಂಬ ಏರ್ಪಾಡು ಅದರಲ್ಲಿದ್ದರೆ ಬದಲಿಸಬೇಕು.

ಪ್ರತಿಗಳು ಭದ್ರವಾದ ಮೇಲೆ ನಾವು ಹಿಡಿದ ಕ್ರಮ ಹೀಗಿತ್ತು. ಮೊದಲು ಕಸದ ಫೋಲ್ಡರನ್ನೂ ಅನಪೇಕ್ಷಿತ ಪತ್ರಗಳ ಫೋಲ್ಡರನ್ನೂ ಮೇಲಿಂದ ಕೆಳಗೆ ನೋಡಿದೆವು; ಪಿಂಚಣಿಗೆ ಸಂಬಂಧಿಸಿದ ಒಂದು ಪತ್ರ ಅಲ್ಲಿಯೇ ಸಿಕ್ಕಿತು. ಅನಂತರ ಅವನ್ನು ಬರಿದು ಮಾಡಿದೆವು. ಬಳಿಕ ಕಳುಹಿಸಿದವರ ಹೆಸರಿನ ಅನುಕ್ರಮದಲ್ಲಿ ಪತ್ರಗಳನ್ನು ಜೋಡಿಸಿದಾಗ ಜಾಹೀರಾತಿನವರ ಪತ್ರಗಳೆಲ್ಲ ಗುಂಪುಗುಂಪಾಗಿ ಕಂಡವು. ಒಂದೊಂದು ಗುಂಪನ್ನು ಒಮ್ಮೆಗೇ ತೆಗೆದೆವು. ಸಂಖ್ಯೆಯಲ್ಲಿ ಹೆಚ್ಚಿದ್ದದ್ದು ಇವೇ. ಮೂರನೆಯದಾಗಿ ಗಾತ್ರದ ಅನುಕ್ರಮದಲ್ಲಿ ಜೋಡಿಸಿದೆವು. ಲಗತ್ತಿಸಿದ ಚಿತ್ರ, ದಾಖಲೆಗಳು ಅಂಚೆಯಲ್ಲಿ ಹೋಗುವಾಗ ಅಕ್ಷರರೂಪಕ್ಕೆ ತಿರುಗಿ ಸುಮಾರು ಮೂರರಲ್ಲಿ ಒಂದು ಪಾಲು ಬೆಳೆಯುತ್ತವೆ. 3 ಮೆಗಾಬೈಟ್ ಚಿತ್ರ ಸುಮಾರು 4 ಆಗುತ್ತದೆ. ಅವನ್ನು ವರ್ಷವಾರು ಫೋಲ್ಡರುಗಳಿಗೆ ತೆಗೆದಿಟ್ಟು, ಪತ್ರದ ಬರಹವನ್ನು ಹಾಗೆಯೇ ಉಳಿಸಿ, ಲಗತ್ತನ್ನು ಮಾತ್ರ ಅಳಿಸಿದೆವು. ಮನುಷ್ಯರು ಮನುಷ್ಯರಿಗೆ ಬರೆದ ಪತ್ರಗಳನ್ನು ಮುಟ್ಟಲಿಲ್ಲ. ಬರಿಯ ಅಕ್ಷರಗಳಿಗೆ ಹಿಡಿಯುವ ಸ್ಥಳ ಅತ್ಯಲ್ಪ. ಸಾವಿರ ಓಲೆಗಳು ಕೂಡಿದರೂ ಕೆಲವು ಛಾಯಾಚಿತ್ರಗಳ ತೂಕಕ್ಕೆ ಬರುತ್ತವೆ.

ಈ ನಡುವೆ ನೂರಾರು ಪತ್ರಗಳು ಅರ್ಥವಾಗದ ಆಂಗ್ಲ ಚಿಹ್ನೆಗಳಿಂದ ತುಂಬಿದ್ದುದು ಕಂಡುಬಂದಿತು. ಕೆಟ್ಟುಹೋದ ಪತ್ರಗಳೆಂದು ಹುಡುಗನು ಅಳಿಸಲು ಹೊರಟಿದ್ದನು. ಅವು ಕೆಟ್ಟವಲ್ಲ, ಕನ್ನಡದವು. ಯೂನಿಕೋಡ್ ಎಂಬ ಏಕರೂಪದ ಸಂಕೇತ ಮನೆಮನೆಗೆ ಬರುವ ಮುನ್ನ ನಮ್ಮವರು ಬರಹ, ನುಡಿ ಮೊದಲಾದ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ಕನ್ನಡ ಬರೆಯುತ್ತಿದ್ದರು. ಆ ಅಕ್ಷರಶೈಲಿ ಯಂತ್ರದಲ್ಲಿ ಇಲ್ಲದಿದ್ದರೆ ಕನ್ನಡ ಕಾಣದೆ ಇಂತಹ ಚಿಹ್ನೆಗಳು ಕಾಣುತ್ತವೆ. ಹಳೆಯ ಅಕ್ಷರಶೈಲಿಯನ್ನು ಸ್ಥಾಪಿಸಿದರೆ ಅಥವಾ ಪರಿವರ್ತಕದ ಮೂಲಕ ಯೂನಿಕೋಡಿಗೆ ತಿರುಗಿಸಿದರೆ ಪತ್ರ ಮತ್ತೆ ಬಾಯಿಬಿಡುತ್ತದೆ. ಹೀಗೆ ತಿರುಗಿಸಿದ ಮೊದಲ ಪತ್ರ ಮಗಳು ಪರದೇಶಕ್ಕೆ ಹೋದ ಹೊಸತರಲ್ಲಿ ಬರೆದದ್ದಾಗಿತ್ತು: ಅಲ್ಲಿ ಜೋಳದ ಹಿಟ್ಟು ಸಿಕ್ಕಿತೆಂದೂ, ರೊಟ್ಟಿ ಬಡಿಯಲು ಹೋಗಿ ಹರಿದುಹೋಯಿತೆಂದೂ, ಅವ್ವನನ್ನು ಕೇಳಿ ಹೇಳಬೇಕೆಂದೂ ಇತ್ತು. ಅದರ ಕೆಳಗೆ, ಕುದಿಯುವ ನೀರಿನಲ್ಲಿ ಹಿಟ್ಟು ನಾದಬೇಕೆಂಬ ಅಣ್ಣನವರ ಉತ್ತರ. ಅತ್ತಿಗೆಯವರು ಎರಡು ಸಲ ಓದಿಸಿ ಕೇಳಿದರು. "ನಾ ಹೇಳಿದ್ದನ್ನ ಒಂದಕ್ಷರ ಬಿಡದ ಬರದಾರ" ಎಂದರು.

ಕಾಪಿಡಬೇಕಾದದ್ದು ಎಷ್ಟು ಮುಖ್ಯವೋ, ಇಟ್ಟುಕೊಳ್ಳಬಾರದ್ದನ್ನು ತೆಗೆಯುವುದೂ ಅಷ್ಟೇ ಮುಖ್ಯ. ಹಳೆಯ ಪತ್ರಗಳಲ್ಲಿ ಪ್ಯಾನ್ ಮತ್ತು ಆಧಾರ್ ಕಾರ್ಡುಗಳ ಚಿತ್ರಗಳು, ಸಹಿ ಮಾಡಿದ ಅರ್ಜಿಗಳು, ಗುಪ್ತಪದಗಳು ಉಳಿದಿರುತ್ತವೆ. ಖಾತೆ ಪರರ ಕೈಸೇರಿದರೆ ಅವರು ಮೊದಲು ಹುಡುಕುವುದು ಇವನ್ನೇ. ಅಗತ್ಯವಿದ್ದವನ್ನು ಮನೆಯ ಡಿಸ್ಕಿನಲ್ಲಿ ಬೀಗಮುದ್ರೆಯೊಳಗಿಟ್ಟು, ಖಾತೆಯಿಂದ ತೆಗೆದು, 'ಕಳುಹಿಸಿದವು' ಎಂಬಲ್ಲಿಯೂ ನೋಡಬೇಕು. ಜಿಮೇಲ್‌ನಲ್ಲಿ ಅಳಿಸಿದ ಪತ್ರ 30 ದಿನ ಕಸದಲ್ಲಿರುತ್ತದೆ. ತಪ್ಪಿ ಅಳಿಸಿದ್ದನ್ನು ಹಿಂದಕ್ಕೆ ಪಡೆಯಲು ಅದೇ ಅವಕಾಶ. ಹಳೆಯ ಯಂತ್ರವನ್ನು ಮಾರುವವರು, ಸುಮ್ಮನೆ ಅಳಿಸಿದ ಕಡತಗಳನ್ನು ಬಲ್ಲವರು ಮರಳಿ ಪಡೆಯಬಹುದೆಂಬುದನ್ನು ನೆನಪಿಟ್ಟು, ಡಿಸ್ಕನ್ನು ತೆಗೆದುಕೊಂಡು ಯಂತ್ರವನ್ನಷ್ಟೇ ಕೊಡುವುದು ಕ್ಷೇಮ.

ಕೊನೆಯದಾಗಿ ಗೃಹಸ್ಥರೆಲ್ಲರೂ ಯೋಚಿಸಬೇಕಾದ ಒಂದು ಮಾತು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರ ಮೇ ತಿಂಗಳಲ್ಲಿ ಪ್ರಕಟಿಸಿ, ಅದೇ ವರ್ಷದ ಡಿಸೆಂಬರಿನಿಂದ ಜಾರಿಗೆ ತಂದಿತು. ಹೋದವರ ಖಾತೆಯನ್ನು ತೆರೆಯುವವರಿಲ್ಲದಿದ್ದರೆ ಅವರ ಪತ್ರಗಳೂ ಹೋಗುತ್ತವೆ. ಖಾತೆ ಇಷ್ಟು ತಿಂಗಳು ಬಳಕೆಯಾಗದಿದ್ದರೆ ಇಂಥವರಿಗೆ ತಿಳಿಸಿ ಎಂದು ಹತ್ತು ಜನರವರೆಗೆ ಹೆಸರಿಸುವ 'ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್' ಎಂಬ ಏರ್ಪಾಡು 2013ರಿಂದಲೂ ಅಲ್ಲಿದೆ. ನಾವು ನಮ್ಮ ಖಾತೆಗೆ ಮಗನ ಹೆಸರನ್ನು ಕೊಟ್ಟೆವು. ಓದುಗ ಬಂಧುಗಳು ವರ್ಷಕ್ಕೊಮ್ಮೆ, ದೀಪಾವಳಿಯ ಮುನ್ನ ಮನೆ ಸಾರಿಸಿ ಒಪ್ಪಮಾಡುವ ವಾರದಲ್ಲಿ, ಒಂದು ದಿನವನ್ನು ಈ ಕಾರ್ಯಕ್ಕೆ ಮೀಸಲಿಡಬೇಕೆಂದು ನಮ್ಮ ವಿನಂತಿ. ಮನೆಯ ಕಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮಾಡಿರಿ. ಯಂತ್ರದ ವಿದ್ಯೆ ಅವರಿಂದ ನಮಗೆ ಬರಲಿ. ಯಾವುದು ಉಳಿಯಬೇಕೆಂಬ ತಿಳಿವು ನಮ್ಮಿಂದ ಅವರಿಗೆ ಹೋಗಲಿ.