ಉಮ್ಮನ ಕೋಳಿ, ನನ್ನ ಬಲ್ಬು

ಕಳೆದ ಆಟಿಯಲ್ಲಿ ನಮ್ಮ ಮನೆಯ ಏಳು ಹೇಂಟೆಗಳೂ ಮೊಟ್ಟೆ ನಿಲ್ಲಿಸಿದವು. ಒಂದೆರಡು ನಿಲ್ಲಿಸುವುದು ಹೊಸತಲ್ಲ. ಒಂದು ಕಾವಿಗೆ ಕೂತರೆ ಇನ್ನೊಂದು ಇಡುತ್ತಾ ಇರುತ್ತದೆ. ಈ ಸಲ ಏಳಕ್ಕೆ ಏಳೂ ಇಲ್ಲ. ಮೂರು ವಾರ ನೋಡಿದ ಉಪ್ಪ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಹೇಳಿದರು: “ಶುಕ್ರವಾರ ಕೋಳಿಯವನಿಗೆ ಬರಲಿಕ್ಕೆ ಹೇಳುತ್ತೇನೆ. ಅಕ್ಕಿ ತಿಂದು ಸುಮ್ಮನೆ ಕೂರುವ ಮಾಲು ಇಟ್ಟುಕೊಂಡು ಏನು ಮಾಡುವುದು?”

ಉಮ್ಮ ಏನೂ ಹೇಳಲಿಲ್ಲ. ಬಟ್ಟಲು ತೆಗೆದುಕೊಂಡು ಒಳಗೆ ಹೋದರು.

ಉಪ್ಪ ಹಾಗೆ ಮಾತಾಡುವವರಲ್ಲ. ಮಂಜೇಶ್ವರ–ಉಪ್ಪಳದ ನಡುವೆ ಹೆದ್ದಾರಿ ಬದಿಯಲ್ಲಿ ಅವರದು 30 ವರ್ಷದ ದಿನಸಿ ಅಂಗಡಿ. ಸುತ್ತಲಿನ ಮನೆಗಳ ಹೆಂಗಸರು ಅಕ್ಕಿ ಡಬ್ಬಿಯಲ್ಲಿ ಮೊಟ್ಟೆ ಹುದುಗಿಸಿ ಮಕ್ಕಳ ಕೈಯಲ್ಲಿ ಕಳಿಸುತ್ತಿದ್ದರು. ಅದಕ್ಕೆ ಬದಲು ಚಾಹುಡಿ, ಸಕ್ಕರೆ, ಸಾಬೂನು. ಉಪ್ಪನ ಪುಸ್ತಕದಲ್ಲಿ ಮನೆಗೊಂದು ಮೊಟ್ಟೆ ಲೆಕ್ಕದ ಪುಟ ಇತ್ತು. ಅಂಗಡಿಯ ಬೋರ್ಡು ಮಲಯಾಳದಲ್ಲಿ, ಲೆಕ್ಕ ಮಾತ್ರ ಕನ್ನಡದಲ್ಲಿ, ಯಾಕೆಂದರೆ ಅವರು ಕಲಿತದ್ದು ಊರಿನ ಕನ್ನಡ ಶಾಲೆಯಲ್ಲಿ. ಆ ಪುಸ್ತಕದಲ್ಲಿ ಉಮ್ಮನ ಹೆಸರಿನ ಪುಟವೂ ಇತ್ತು. ಸ್ವಂತ ಹೆಂಡತಿಯ ಮೊಟ್ಟೆಗೂ ಉಪ್ಪ ಊರಿನ ರೇಟೇ ಕೊಡುತ್ತಿದ್ದರು, ಒಂದು ಪೈಸೆ ಹೆಚ್ಚಿಲ್ಲ, ಕಡಿಮೆ ಇಲ್ಲ. ನನ್ನ ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷದ ಪರೀಕ್ಷಾ ಫೀಸು ಹೋದದ್ದು ಆ ಪುಟದಿಂದ.

ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆಗುವಾಗ ಅಂಗಡಿ ಹೋಯಿತು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತಿದ್ದವರು ಜಗಲಿಯಲ್ಲಿ ಕೂತು ಗೇಟಿನ ಕಡೆ ನೋಡತೊಡಗಿದರು. ನಾನೂ ಅದೇ ಹೊತ್ತಿಗೆ ಸೌದಿಯ ಜುಬೈಲಿನ ಕೆಲಸ ಮುಗಿದು ಊರಿಗೆ ಬಂದು ಕೂತಿದ್ದೆ. ಹಾಗಾಗಿ “ಅಕ್ಕಿ ತಿಂದು ಸುಮ್ಮನೆ ಕೂರುವ” ಎಂಬ ಮಾತು ಬರೀ ಕೋಳಿಗೆ ಹೇಳಿದ್ದು ಎಂದು ನಮಗೆ ಮೂವರಿಗೂ ಅನಿಸಲಿಲ್ಲ.

“ಎರಡು ತಿಂಗಳು ಕೊಡಿ, ನಾನು ಸರಿ ಮಾಡುತ್ತೇನೆ” ಎಂದೆ.

ಮೊಬೈಲಿನಲ್ಲಿ ಹುಡುಕಿದರೆ ಎಲ್ಲರೂ ಹೇಳುವುದು ಬೆಳಕಿನ ವಿಷಯ. ಚಳಿ ದೇಶಗಳಲ್ಲಿ ಹಗಲು ಕಡಿಮೆಯಾದಾಗ ಕೋಳಿ ಮೊಟ್ಟೆ ನಿಲ್ಲಿಸುತ್ತದೆ, ಗೂಡಿನಲ್ಲಿ ಬಲ್ಬು ಉರಿಸಿ ದಿನಕ್ಕೆ 14ರಿಂದ 16 ಗಂಟೆ ಬೆಳಕು ಕೊಟ್ಟರೆ ಮತ್ತೆ ಶುರು ಮಾಡುತ್ತದೆ. ಇಂಜಿನಿಯರಿಂಗ್ ಕಲಿತವನಿಗೆ ಇದಕ್ಕಿಂತ ಇಷ್ಟದ ಪರಿಹಾರ ಬೇರೆ ಇಲ್ಲ. ಒಂದು ಎಲ್‌ಇಡಿ ಬಲ್ಬು, ಒಂದು ಟೈಮರ್, ಸ್ವಲ್ಪ ವೈರು. ಬೆಳಿಗ್ಗೆ ನಾಲ್ಕಕ್ಕೆ ಗೂಡು ಬೆಳಗುವ ಹಾಗೆ ಮಾಡಿದೆ. ಸುಬ್‌ಹಿಗೆ ಎದ್ದ ಉಮ್ಮ ನೋಡಿ, “ಮೋನೆ, ಅವುಗಳಿಗೂ ಪರೀಕ್ಷೆ ಉಂಟಾ?” ಎಂದು ಕೇಳಿದರು.

ಮೂರು ವಾರ ಬಲ್ಬು ಉರಿಯಿತು. ಒಂದು ಮೊಟ್ಟೆಯೂ ಇಲ್ಲ. ಆಮೇಲೆ ಕೂತು ಯೋಚಿಸಿದೆ. ಲಂಡನ್ನಿನಲ್ಲಿ ಜೂನಿನ ಹಗಲು 16 ಗಂಟೆಗೂ ಹೆಚ್ಚು, ಡಿಸೆಂಬರಿನದು 8 ಗಂಟೆಗೂ ಕಡಿಮೆ. ನಮ್ಮ ಮಂಜೇಶ್ವರದಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಅವರ ಕೋಳಿಗೆ ಕಷ್ಟ ಕೊಡುವುದು ಚಳಿಗಾಲ, ನಮ್ಮ ಕೋಳಿಗೆ ಆಟಿಯ ಮಳೆ. ಅವರ ಮದ್ದನ್ನು ನಾನು ನಮ್ಮ ಕಾಯಿಲೆಗೆ ಕೊಟ್ಟಿದ್ದೆ.

ಕೊನೆಗೆ ಎರಡು ಕೋಳಿಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಮೃಗಾಸ್ಪತ್ರೆಗೆ ಹೋದೆ. ಡಾಕ್ಟರು ಕುತ್ತಿಗೆಯ ಗರಿ ಸರಿಸಿ ತೋರಿಸಿದರು. ಚರ್ಮದಲ್ಲಿ ಸಣ್ಣ ಸಣ್ಣ ಕಡ್ಡಿಯ ಹಾಗೆ ಹೊಸ ಗರಿ ಏಳುತ್ತಿತ್ತು. “ಇದು ಗರಿ ಬದಲಿಸುವ ಕೋಳಿ. ಗರಿ ಆಗುವುದು ಹೆಚ್ಚಾಗಿ ಪ್ರೋಟೀನಿನಿಂದ. ಒಂದೇ ಮೈಯಲ್ಲಿ ಗರಿಯೂ ಮೊಟ್ಟೆಯೂ ಒಟ್ಟಿಗೆ ಆಗುವುದಿಲ್ಲ. ಎರಡು ಮೂರು ತಿಂಗಳು ಹಿಡಿಯುತ್ತದೆ. ಇದಕ್ಕೆ ಏನು ತಿನ್ನಿಸುತ್ತಿದ್ದೀರಿ?”

“ನುಚ್ಚಕ್ಕಿ, ಉಳಿದ ಅನ್ನ.”

“ಅದು ಹೊಟ್ಟೆ ತುಂಬಲಿಕ್ಕೆ ಆಯಿತು. ಗರಿಗೆ ಏನು ಕೊಡುತ್ತೀರಿ?”

ಜುಬೈಲಿನಲ್ಲಿ ನಾನು ಇದ್ದದ್ದು ಮೆಯಿಂಟೆನೆನ್ಸ್ ವಿಭಾಗದಲ್ಲಿ. ಶಟ್‌ಡೌನ್ ಎಂದರೆ ಪ್ಲಾಂಟು ಪೂರ್ತಿ ನಿಲ್ಲಿಸಿ ಸವೆದದ್ದನ್ನೆಲ್ಲ ಬದಲಿಸುವ ಸಮಯ. ಆಗ ಉತ್ಪಾದನೆ ಸೊನ್ನೆ, ಆದರೆ ಸಾಮಾನು ಬೇಕಾಗುವುದೂ ಕೆಲಸ ನಡೆಯುವುದೂ ಆಗಲೇ ಹೆಚ್ಚು. ಶಟ್‌ಡೌನಿನಲ್ಲಿರುವ ಯಂತ್ರದ ಸ್ವಿಚ್ಚನ್ನು ಯಾರೂ ಒತ್ತುತ್ತಾ ನಿಲ್ಲುವುದಿಲ್ಲ. ನಾನು ಮೂರು ವಾರ ಮಾಡಿದ್ದು ಅದನ್ನೇ.

ಮನೆಗೆ ಬಂದು ಏಳನ್ನೂ ಒಂದೊಂದಾಗಿ ನೋಡಿದೆವು. ಇದರಲ್ಲಿ ಉಮ್ಮನೇ ಗುರು. ಬಾಲದ ಕೆಳಗೆ ಎರಡು ಎಲುಬಿನ ತುದಿ ಕೈಗೆ ಸಿಗುತ್ತದೆ. ಮೊಟ್ಟೆ ಇಡುವ ಕೋಳಿಗೆ ಆ ಎಲುಬುಗಳ ನಡುವೆ ಎರಡು ಮೂರು ಬೆರಳು ಹಿಡಿಯುತ್ತವೆ, ನಿಲ್ಲಿಸಿದ್ದಕ್ಕೆ ಒಂದು ಬೆರಳು ಕಷ್ಟ. ಇಡುವ ಕೋಳಿಯ ಜುಟ್ಟು ಕೆಂಪಗೆ ತುಂಬಿರುತ್ತದೆ, ನಿಲ್ಲಿಸಿದ್ದರದು ಬಿಳಚಿ ಸಣ್ಣಗಾಗಿರುತ್ತದೆ. ಹಾಗೆ ನೋಡಿದಾಗ ಸಿಕ್ಕ ಲೆಕ್ಕ ಇದು: ನಾಲ್ಕು ಗರಿ ಉದುರಿಸುತ್ತಿದ್ದವು. ಒಂದು ಖಾಲಿ ಗೂಡಿನಲ್ಲೇ ಕಾವಿಗೆ ಕೂತಿತ್ತು. ಒಂದಕ್ಕೆ ಐದು ವರ್ಷ ಆಗಿತ್ತು. ಏಳನೆಯದರ ಜುಟ್ಟು ಕೆಂಪಗೇ ಇತ್ತು, ಬೆರಳೂ ಮೂರು ಹಿಡಿಯಿತು. “ಇವಳು ಇಡುತ್ತಿದ್ದಾಳೆ, ಎಲ್ಲಿ ಎಂದು ಹುಡುಕು” ಎಂದರು ಉಮ್ಮ. ಕೊಟ್ಟಿಗೆಯ ಹಿಂದೆ ಒಣ ಮಡಲಿನ ರಾಶಿಯ ಅಡಿಯಲ್ಲಿ 11 ಮೊಟ್ಟೆ ಸಿಕ್ಕಿತು.

ಅದು ಅಲ್ಲಿಗೆ ಹೋದದ್ದು ಯಾಕೆಂದು ತಿಳಿಯಲು ರಾತ್ರಿ ಟಾರ್ಚು ಹಿಡಿದು ಗೂಡು ನೋಡಿದೆ. ಆ ಗೂಡು ನಾನೇ ವೆಲ್ಡ್ ಮಾಡಿ, ಬಚ್ಚಲಿನ ಗೋಡೆಗೆ ತಾಗಿಸಿ ಇಟ್ಟದ್ದು. ಬಿಸಿಲು ಬೀಳದ ಜಾಗ. ನೆಲ ಹಸಿ, ಮೂಗಿಗೆ ಹೊಡೆಯುವ ವಾಸನೆ, ಕೂರುವ ಮರದ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಹೇನುಗಳು. ಹಗಲು ಅಡಗಿ ರಾತ್ರಿ ರಕ್ತ ಹೀರುವ ಜಾತಿ. ಬಲ್ಬಿನ ಮೇಲೆ ಇದ್ದ ನನ್ನ ಕಣ್ಣು ಅಲ್ಲಿಗೆ ಹೋಗಿರಲಿಲ್ಲ.

ಮಾಡಿದ್ದು ಇಷ್ಟು. ಗೂಡನ್ನು ಪೂರ್ವದ ಬಿಸಿಲು ಬೀಳುವ ಕಡೆ ಎತ್ತರಕ್ಕೆ ಇಟ್ಟೆ. ಸಂದಿಗಳಿಗೆ ಕುದಿಯುವ ನೀರು ಹೊಯ್ದು, ಒಣಗಿಸಿ ಸುಣ್ಣ ಬಳಿದೆ. ನೆಲಕ್ಕೆ ಮರದ ಹೊಟ್ಟು, ಒದ್ದೆಯಾದ ಕೂಡಲೇ ಬದಲಿ. ಹಳೆಯ ಟಯರಿನಲ್ಲಿ ಮರಳು, ಒಲೆಯ ಬೂದಿ ತುಂಬಿಸಿ ಮಾಡಿನ ಕೆಳಗೆ ಇಟ್ಟೆ, ಅವು ಹೊರಳಾಡಲಿಕ್ಕೆ. ನುಚ್ಚಕ್ಕಿಯ ಜೊತೆ ಕಡಲೆಹಿಂಡಿ ಸೇರಿಸಿದೆ. ಮೀನು ಬಂದ ದಿನ ಬೂತಾಯಿಯ ತಲೆ, ಕರುಳು ಉಪ್ಪು ಹಾಕದೆ ಬೇಯಿಸಿ ಕೊಟ್ಟೆ. ಡಾಕ್ಟರು ಕೊಟ್ಟ ಹುಳದ ಮದ್ದು ನೀರಿನಲ್ಲಿ ಕೊಟ್ಟೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಅದಕ್ಕೆ ಮರುವಾಯಿಯ ಚಿಪ್ಪು ಸುಟ್ಟು ಕುಟ್ಟಿ ಬೇರೆ ಗೆರಟೆಯಲ್ಲಿ ಇಟ್ಟೆ. ಆಹಾರಕ್ಕೆ ಬೆರೆಸಬಾರದು, ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ.

ಕಾವಿಗೆ ಕೂತದ್ದನ್ನು ಮರಿ ಮಾಡಿಸೋಣವೇ ಎಂದು ಕೇಳಿದೆ. “ಆಟಿಯ ಮರಿ ಮಳೆಗೆ ಉಳಿಯುವುದಿಲ್ಲ” ಎಂದರು ಉಮ್ಮ. ಹಿಂದೆ ನಮ್ಮಲ್ಲಿ ಕಾವು ಬಿಡಿಸಲು ಕೋಳಿಯನ್ನು ನೀರಿನಲ್ಲಿ ಮುಳುಗಿಸುತ್ತಿದ್ದರು, ಮೂಗಿನಲ್ಲಿ ಗರಿ ತೂರಿಸುತ್ತಿದ್ದರು. ಅದು ಬೇಡ. ತಳಕ್ಕೆ ಬಲೆ ಇರುವ ಪೆಟ್ಟಿಗೆಯಲ್ಲಿ, ಕೆಳಗಿನಿಂದ ಗಾಳಿ ಆಡುವ ಹಾಗೆ ನಾಲ್ಕು ದಿನ ಇಟ್ಟೆ. ನೀರು, ಆಹಾರ ಮೊದಲಿನಂತೆಯೇ. ಐದನೇ ದಿನ ಅದು ಬೇರೆಯವುಗಳ ಜೊತೆ ಮಣ್ಣು ಕೆದರುತ್ತಿತ್ತು.

ಇದೆಲ್ಲ ನಡೆಯುವಾಗ ಉಪ್ಪ ಜಗಲಿಯಿಂದಲೇ ನೋಡುತ್ತಿದ್ದರು. ಒಂದು ದಿನ ನಾನು ಹಿಂಡಿ ತಂದದ್ದು ಕಂಡು, “ಎಷ್ಟಕ್ಕೆ ಕೊಟ್ಟ?” ಎಂದು ಕೇಳಿದರು. ಹೇಳಿದೆ. “ಮೋಸ ಹೋದೆ” ಎಂದರು. ಮುಂದಿನ ವಾರ ಅವರೇ ಛತ್ರಿ ಹಿಡಿದು ಉಪ್ಪಳಕ್ಕೆ ಹೋಗಿ ಚೌಕಾಸಿ ಮಾಡಿ ತಂದರು. ಅಂಗಡಿ ಹೋದ ಮೇಲೆ ಅವರು ಪೇಟೆಗೆ ಹೋದದ್ದು ಅದೇ ಮೊದಲು.

ಸೆಪ್ಟೆಂಬರ್ ಕೊನೆಯ ವಾರ, ಸೋಣದ ಮಳೆ ಕಡಿಮೆಯಾದ ಮೇಲೆ, ಗರಿ ಬದಲಿಸಿದ್ದರಲ್ಲಿ ಒಂದು ಮೊದಲ ಮೊಟ್ಟೆ ಇಟ್ಟಿತು. ಸಣ್ಣದು. ಉಮ್ಮ ಅದನ್ನು ನನಗೆ ಕೊಡದೆ ನೇರ ಜಗಲಿಗೆ ಕೊಂಡುಹೋಗಿ ಉಪ್ಪನ ಕೈಯಲ್ಲಿ ಇಟ್ಟರು. ಉಪ್ಪ ಅಂಗಡಿಯಲ್ಲಿ ಮಾಡುತ್ತಿದ್ದ ಹಾಗೆಯೇ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, “ಒಳ್ಳೆಯದುಂಟು” ಎಂದರು.

ಅಕ್ಟೋಬರ್ ಮುಗಿಯುವಾಗ ಆರೂ ಇಡುತ್ತಿದ್ದವು, ದಿನಕ್ಕೆ ಎರಡೋ ಮೂರೋ. ನಮ್ಮ ನಾಟಿ ಕೋಳಿ ಫಾರ್ಮಿನದರ ಹಾಗೆ ದಿನಾ ಇಡುವ ಜಾತಿ ಅಲ್ಲ. ವರ್ಷಕ್ಕೆ 60–80 ಇಟ್ಟರೆ ಅಲ್‌ಹಮ್ದುಲಿಲ್ಲಾಹ್ ಎನ್ನಬೇಕು. ಐದು ವರ್ಷದ್ದು ಇಡಲೇ ಇಲ್ಲ. ಅದನ್ನು ಏನು ಮಾಡುವುದೆಂದು ನಾನು ಕೇಳಿದಾಗ ಉಪ್ಪನೇ ಹೇಳಿದರು, “ಇರಲಿ, ಎಷ್ಟು ತಿನ್ನುತ್ತದೆ ಅದು?”

ಟೈಮರನ್ನು ಬಾವಿಯ ಪಂಪಿಗೆ ಹಾಕಿದೆ. ಬಲ್ಬು ಈಗ ಜಗಲಿಯಲ್ಲಿ ಉರಿಯುತ್ತದೆ. ಮಗ್ರಿಬ್ ಆದ ಮೇಲೆ ಅಕ್ಕಪಕ್ಕದ ಮನೆಗಳಿಂದ ಮೊಟ್ಟೆಗೆ ಬರುವವರಿಗೆ ಉಪ್ಪ ಅದರ ಕೆಳಗೆ ಕೂತು ಕೊಡುತ್ತಾರೆ. ಅಂಗಡಿಯ ಹಳೆಯ ಪುಸ್ತಕದಲ್ಲಿ ಉಮ್ಮನ ಪುಟದ ಕೆಳಗೆ ಜಾಗ ಉಳಿದಿತ್ತು. ಲೆಕ್ಕ ಅಲ್ಲಿಂದಲೇ ಮುಂದುವರಿಸಿದ್ದಾರೆ.